ಬಾಯಿಮಾತಿನ ತಡೆಯಾಜ್ಞೆ

(ಇಬ್ಬರ ಹೆಸರೂ ಇಲ್ಲಿ ಬೇಡ. ಒಬ್ಬರು ಜಿಲ್ಲಾ ಕೋರ್ಟು, ಹೈಕೋರ್ಟು ಎರಡನ್ನೂ ಅರೆದು ಕುಡಿದು ಈಗ ಕೇಸು ಕಡಿಮೆ ಮಾಡಿಕೊಂಡಿರುವ ಹಿರಿಯ ವಕೀಲರು. ಇನ್ನೊಬ್ಬಳು ಅವರ ತಂಗಿಯ ಮಗಳು. ಕನ್ನಡ ದಿನಪತ್ರಿಕೆಯೊಂದಕ್ಕೆ ಕೋರ್ಟ್ ಸುದ್ದಿ ಬರೆಯುವವಳು.)

ವಕೀಲರು: ಇದು ನಿಂದೇ ತಾನೆ? 'ಅಧಿಕಾರಿಗಳಿಗೆ ಹೈಕೋರ್ಟ್ ಛೀಮಾರಿ'. ನಾನು ಆರ್ಡರ್ ತೆಗೆಸಿ ಓದಿದೆ. ಅದರಲ್ಲಿ ಛೀಮಾರಿಯ ಸುಳಿವೇ ಇಲ್ಲ. ಮುಂದಿನ ತಾರೀಕಿನೊಳಗೆ ಅಫಿಡವಿಟ್ ಸಲ್ಲಿಸಿ ಅಂತ ಎರಡು ಸಾಲು, ಅಷ್ಟೇ.

ವರದಿಗಾರ್ತಿ: ಸುದ್ದಿ ನಂದು, ತಲೆಬರಹ ಡೆಸ್ಕಿಂದು ಮಾವ. ಆದರೂ ಸುಳ್ಳಲ್ಲ. ನ್ಯಾಯಮೂರ್ತಿಗಳು ಬೈದದ್ದನ್ನ ಹಾಲ್‌ನಲ್ಲಿದ್ದವರೆಲ್ಲ ಕೇಳಿದ್ದಾರೆ.

ವಕೀಲರು: ನನ್ನ ತಕರಾರು ಅದೇ. ವಾದ ಕೇಳ್ತಾ ಕೇಳ್ತಾ ಬೆಂಚ್ ನೂರು ಮಾತಾಡುತ್ತೆ. ವಕೀಲನನ್ನ ಕೆಣಕೋಕೆ ಕೆಲವು, ಅವನ ವಾದದಲ್ಲಿ ಗಟ್ಟಿ ಎಷ್ಟು ಜಳ್ಳು ಎಷ್ಟು ಅಂತ ನೋಡೋಕೆ ಕೆಲವು. ಬೆಳಿಗ್ಗೆ ನನ್ನ ಬೆವರಿಳಿಸಿ ಸಂಜೆ ನನ್ನ ಪರವೇ ಆರ್ಡರ್ ಮಾಡಿದವರಿದ್ದಾರೆ. ನಿಮ್ಮ ಪತ್ರಿಕೆಗಳಲ್ಲಿ ಚಾಟಿ, ತಪರಾಕಿ, ತರಾಟೆ, ಕಿಡಿ. ಹೈಕೋರ್ಟ್ ಅಂದ್ರೆ ಏನು, ಗರಡಿಮನೆಯೇ?

ವರದಿಗಾರ್ತಿ: ಆರ್ಡರಿನಲ್ಲಿ ಬಂದದ್ದನ್ನ ಮಾತ್ರ ಬರೀಬೇಕು ಅಂತೀರಾ? ಹಾಗಾದ್ರೆ ಕೋರ್ಟ್ ಹಾಲ್‌ಗೆ ಯಾರೂ ಹೋಗೋದೇ ಬೇಡ, ವೆಬ್‌ಸೈಟಿಂದ ಆರ್ಡರ್ ಇಳಿಸಿಕೊಂಡ್ರೆ ಸಾಕು. 2021ರ ಏಪ್ರಿಲ್ ನೆನಪಿದೆಯಾ? ಕೋವಿಡ್ ಎರಡನೇ ಅಲೆ. ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಚುನಾವಣಾ ಆಯೋಗಕ್ಕೆ, ಇದಕ್ಕೆಲ್ಲ ನೀವೇ ಹೊಣೆ, ನಿಮ್ಮ ಅಧಿಕಾರಿಗಳ ಮೇಲೆ ಕೊಲೆ ಕೇಸು ಹಾಕಿದರೂ ಸಲ್ಲುತ್ತೆ ಅನ್ನೋ ಅರ್ಥದ ಮಾತಾಡಿದರು. ಆರ್ಡರಿನಲ್ಲಿ ಆ ಮಾತಿಲ್ಲ. ಆಯೋಗ ಸುಪ್ರೀಂ ಕೋರ್ಟಿಗೆ ಹೋಗಿ, ಆದೇಶದಲ್ಲಿಲ್ಲದ ಬಾಯಿಮಾತನ್ನ ಮಾಧ್ಯಮಗಳು ವರದಿ ಮಾಡದಂತೆ ತಡೀರಿ ಅಂತ ಕೇಳಿತು. ಮೇ 6ಕ್ಕೆ ತೀರ್ಪು ಬಂತು: ತಡೆಯೋದಿಲ್ಲ. ಕೋರ್ಟಿನಲ್ಲಿ ನಡೆಯೋ ಮಾತುಕತೆಯೂ ಜನ ತಿಳಿಯಬೇಕಾದ್ದೇ, ಅದನ್ನ ವರದಿ ಮಾಡೋದು ವಾಕ್ ಸ್ವಾತಂತ್ರ್ಯದ ಭಾಗ ಅಂತ.

ವಕೀಲರು: ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಮಾತು ಕಟುವಾಯ್ತು, ಹೋಲಿಕೆ ಸರಿಯಲ್ಲ ಅಂತಲೂ ಇದೆ. ಅದನ್ನ ಯಾಕೆ ನುಂಗಿಕೊಂಡೆ?

ವರದಿಗಾರ್ತಿ: ನುಂಗಲಿಲ್ಲ, ನೀವು ಹೇಳಲಿ ಅಂತ ಕಾದೆ. ಆ ಮಾತು ಕಟುವಾಯ್ತು ಅಂತ ಸುಪ್ರೀಂ ಕೋರ್ಟ್ ಹೇಳೋಕೆ ಸಾಧ್ಯವಾದದ್ದು ಹೇಗೆ? ಆರ್ಡರಿನಲ್ಲಿ ಅದು ಇರಲಿಲ್ಲ. ಪತ್ರಿಕೆ, ಟೀವಿ ಬರೆದು ಬಿತ್ತರಿಸಿದ್ದರಿಂದ. ಅಧಿಕಾರಿಗೆ ಬೈದದ್ದು ಮಾತ್ರ ಬಯಲಾಗಲ್ಲ ಮಾವ, ಬೈದವರು ಹದ ಮೀರಿದ್ದೂ ಬಯಲಾಗುತ್ತೆ.

ವಕೀಲರು: ಹೂಂ. ಆ ಮಾತು ಒಪ್ಪಿದೆ. ಆದರೆ ಬರೆಯೋದು ನಮ್ಮ ಹಕ್ಕು ಅಂತ ಎದೆ ತಟ್ಟಿ ಹೇಳ್ತೀಯಲ್ಲ, ಈ ದೇಶದಲ್ಲಿ ಆ ಹಕ್ಕಿನ ಬುಡ ಎಲ್ಲಿದೆ ಗೊತ್ತಾ? ಪತ್ರಕರ್ತರು ಸೋತ ಕೇಸಿನಲ್ಲಿ.

ವರದಿಗಾರ್ತಿ: ಮಿರಾಜ್‌ಕರ್ ಕೇಸು. ಓದಿದ್ದೇನೆ. ಒಂಬತ್ತು ನ್ಯಾಯಮೂರ್ತಿಗಳು, 1966.

ವಕೀಲರು: ಓದಿರೋದು ಸಾರಾಂಶ. ಕತೆ ಕೇಳು. 1960ರಲ್ಲಿ ಬಾಂಬೆಯ 'ಬ್ಲಿಟ್ಜ್' ವಾರಪತ್ರಿಕೆ ಒಂದು ಲೇಖನ ಹಾಕ್ತು. ಮುಂಧ್ರಾ ಹಗರಣಕ್ಕಿಂತ ದೊಡ್ಡ ಹಗರಣ ಇದು ಅಂತ ತಲೆಬರಹ. ಥ್ಯಾಕರ್ಸೆ ಅನ್ನೋ ಉದ್ಯಮಿ ಸಂಪಾದಕ ಕರಂಜಿಯಾ ಮೇಲೆ ಮಾನಹಾನಿ ದಾವೆ ಹೂಡಿದ್ರು. ಮೂರು ಲಕ್ಷ ರೂಪಾಯಿ ಪರಿಹಾರ. ಆ ಕಾಲದ ಮೂರು ಲಕ್ಷ ಅಂದ್ರೆ ನೋಡಿಕೋ.

ವರದಿಗಾರ್ತಿ: ಎಲ್ಐಸಿ ಹಣದ ಆ ಮುಂಧ್ರಾ ಹಗರಣದ ವಿಚಾರಣೆ ನಡೆದದ್ದು ಅದೇ ಊರಲ್ಲಿ ಅಲ್ವಾ, 1958ರಲ್ಲಿ? ಛಾಗ್ಲಾ ಆಯೋಗ. ಸಾರ್ವಜನಿಕರ ಎದುರೇ ನಡೀತು, ಹೊರಗೆ ನಿಂತ ಜನಕ್ಕೆ ಕೇಳಲಿ ಅಂತ ಧ್ವನಿವರ್ಧಕ ಹಾಕಿಸಿದ್ದರಂತೆ.

ವಕೀಲರು: ಹೌದು. ಛಾಗ್ಲಾ ಆಗ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅವರು ಧ್ವನಿವರ್ಧಕ ಹಾಕಿಸಿದ್ದು 1958ರಲ್ಲಿ. ಆರು ವರ್ಷ ಕಳೆದ ಮೇಲೆ, 1964ರಲ್ಲಿ, ಅದೇ ಹೈಕೋರ್ಟಿನಲ್ಲಿ ಥ್ಯಾಕರ್ಸೆ ದಾವೆ ನಡೀತಾ ಇದೆ, ನ್ಯಾಯಮೂರ್ತಿ ತಾರ್ಕುಂಡೆ ಮುಂದೆ. ಪತ್ರಿಕೆಯ ಪರ ಸಾಕ್ಷಿ ಭಾಯಿಚಂದ್ ಗೋಡಾ ಅಂತ ಒಬ್ಬ ವ್ಯಾಪಾರಿ. ಕಟಕಟೆ ಹತ್ತಿದ ಮೇಲೆ ತಿರುಗಿಬಿದ್ದ. ಪತ್ರಿಕೆಯ ವಕೀಲರು ಕೋರ್ಟಿನ ಅನುಮತಿ ಪಡೆದು, ಪ್ರತಿಕೂಲ ಸಾಕ್ಷಿ ಅಂತ ತಾವೇ ಪಾಟೀಸವಾಲು ಮಾಡಿದ್ರು. ಅಷ್ಟೂ ಪತ್ರಿಕೆಗಳಲ್ಲಿ ಬಂತು. ಮತ್ತೆ ಕರೆಸಿದಾಗ ಆತ ನ್ಯಾಯಮೂರ್ತಿಗಳಿಗೆ ಮೊರೆಯಿಟ್ಟ: ಸ್ವಾಮಿ, ಹಿಂದಿನ ಸಲ ನನ್ನ ಸಾಕ್ಷ್ಯ ಪತ್ರಿಕೆಯಲ್ಲಿ ಬಂದು ವ್ಯಾಪಾರ ಕೆಟ್ಟಿದೆ, ಈ ಸಲ ಹಾಕೋದು ಬೇಡ.

ವರದಿಗಾರ್ತಿ: ವ್ಯಾಪಾರ ಕೆಡುತ್ತೆ ಅಂತ. ಪ್ರಾಣಭಯ ಅಲ್ಲ, ಮಗುವಿನ ಕೇಸಲ್ಲ.

ವಕೀಲರು: ತಾಳು. ಆಗ ತಾರ್ಕುಂಡೆಯವರು ಈ ಸಾಕ್ಷಿಯ ಹೇಳಿಕೆ ಪ್ರಕಟವಾಗಬಾರದು ಅಂತ ಬಾಯಿಮಾತಲ್ಲೇ ಹೇಳಿದರು. ಲಿಖಿತ ಆದೇಶ ಮಾಡಿ ಅಂತ ಕೇಳಿದ್ದಕ್ಕೆ, ನನ್ನ ಬಾಯಿಮಾತನ್ನ ಪಾಲಿಸ್ತಾರೆ ಅನ್ನೋ ನಿರೀಕ್ಷೆ ನನಗಿದೆ ಅಂದರಂತೆ. ಮುಗೀತು. ವರದಿಗಾರರಿಗೆ ನೋಟಿಸ್ ಇಲ್ಲ, ಕಾಗದ ಇಲ್ಲ. ಕೋರ್ಟಿನ ಬಾಗಿಲು ಮಾತ್ರ ತೆರೆದೇ ಇತ್ತು. ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಬರೆಯೋ ಹಾಗಿಲ್ಲ.

ವರದಿಗಾರ್ತಿ: ಅಲ್ಲಿ ಕೂತು ಬರೀತಿದ್ದ ಬ್ಲಿಟ್ಜ್ ವರದಿಗಾರರೇ ನರೇಶ್ ಶ್ರೀಧರ್ ಮಿರಾಜ್‌ಕರ್.

ವಕೀಲರು: ಅವರು ಹೈಕೋರ್ಟಿಗೇ ರಿಟ್ ಹಾಕಿದರು. ನ್ಯಾಯಾಂಗದ ಆದೇಶದ ವಿರುದ್ಧ ರಿಟ್ ನಿಲ್ಲೋದಿಲ್ಲ ಅಂತ ವಜಾ ಆಯ್ತು. ಇನ್ನೂ ಕೆಲವು ಪತ್ರಕರ್ತರು ಸೇರಿಕೊಂಡ್ರು, ಸುಪ್ರೀಂ ಕೋರ್ಟಿಗೆ ಹೋದ್ರು. ಒಂಬತ್ತು ಜನರ ಪೀಠ, ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್. ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ವರದಿಗಾರ್ತಿ: ನಮ್ಮವರು ಅಂತ ಬಿಟ್ಟುಕೊಡೋಕೆ ಆಗಲ್ಲ. ಬರೆದದ್ದು ಮಾತ್ರ ನಮಗೆ ವಿರುದ್ಧ.

ವಕೀಲರು: ಪೂರ್ತಿ ವಿರುದ್ಧ ಅಲ್ಲ. ತೆರೆದ ನ್ಯಾಯಾಲಯವೇ ನಿಯಮ, ಜನರ ಕಣ್ಣು ಬಿದ್ದರೆ ನ್ಯಾಯಾಧೀಶನ ಮನಸ್ಸಿನ ಏರುಪೇರಿಗೆ ಲಗಾಮು ಬೀಳುತ್ತೆ, ಇದನ್ನೆಲ್ಲ ಸೊಗಸಾಗಿ ಬರೆದಿದ್ದಾರೆ. ಬರೆದ ಮೇಲೆ 'ಆದರೆ' ಅಂದರು. ನ್ಯಾಯದಾನಕ್ಕೆ ತೀರಾ ಅಗತ್ಯ ಬಿದ್ದರೆ ವಿಚಾರಣೆಯನ್ನ ಗೋಪ್ಯವಾಗಿ ನಡೆಸೋ, ಸಾಕ್ಷ್ಯದ ಪ್ರಕಟಣೆಯನ್ನ ಸ್ವಲ್ಪ ಕಾಲ ತಡೆಯೋ ಅಂತರ್ಗತ ಅಧಿಕಾರ ಹೈಕೋರ್ಟಿಗಿದೆ. ತಾರ್ಕುಂಡೆಯವರ ಆದೇಶವೂ ವಿಚಾರಣೆ ಮುಗಿಯೋವರೆಗೆ ಮಾತ್ರ ಅಂತ ಅರ್ಥ ಮಾಡಿಕೊಳ್ಳೋಣ. ನ್ಯಾಯಾಧೀಶರು ನ್ಯಾಯ ಹೇಳ್ತಾ ಮಾಡಿದ ಆದೇಶ ಮೂಲಭೂತ ಹಕ್ಕನ್ನ ಮುರಿದ ಹಾಗಾಗೋದಿಲ್ಲ. ಎಂಟು ಜನ ಆ ಕಡೆ. ಈ ಕಡೆ ಹಿದಾಯತುಲ್ಲಾ ಒಬ್ಬರೇ. ನ್ಯಾಯಾಧೀಶನೂ ಹಕ್ಕು ಮುರಿಯಬಲ್ಲ, ಮುರಿದರೆ ಕೇಳೋ ಜಾಗ ಇರಬೇಕು ಅಂದವರು ಅವರು.

ವರದಿಗಾರ್ತಿ: ನನಗೆ ಆ ತೀರ್ಪಿನಲ್ಲಿ ಚುಚ್ಚೋದು ಗೋಪ್ಯ ವಿಚಾರಣೆಯ ಮಾತಲ್ಲ. ಬಾಗಿಲು ಹಾಕಿ ವಿಚಾರಣೆ ಮಾಡಿದರೆ, ಹಾಕಿದ್ದು ಎಲ್ಲರಿಗೂ ಕಾಣುತ್ತೆ. ಯಾಕೆ ಹಾಕಿದ್ರಿ ಅಂತ ಕೇಳಬಹುದು. ಇಲ್ಲಿ ಬಾಗಿಲು ತೆಗೆದೇ ಇಟ್ಟು ಒಳಗೆ ಕೂತವರ ಕೈ ಕಟ್ಟಿದ್ರು. ಒಳಗೆ ಜಾಗ ಎಷ್ಟಿರುತ್ತೆ? ನಾಲ್ಕು ಸಾಲು ಬೆಂಚು. ಆ ನಾಲ್ಕು ಸಾಲಿನವರು ಕೇಳಿದ್ರೆ 'ಸಾರ್ವಜನಿಕ' ಆಗಿಬಿಡ್ತಾ?

ವಕೀಲರು: ತಾರ್ಕುಂಡೆಯವರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಮುಂದೆ ಇದೇ ಮನುಷ್ಯ ಜಯಪ್ರಕಾಶ್ ನಾರಾಯಣ್ ಜೊತೆ ನಾಗರಿಕ ಹಕ್ಕುಗಳ ಚಳವಳಿ ಕಟ್ಟಿದ್ರು, ತುರ್ತು ಪರಿಸ್ಥಿತಿಗೆ ಎದುರು ನಿಂತರು. ಕೆಟ್ಟ ಉದ್ದೇಶದಿಂದ ಕೊಟ್ಟ ಆದೇಶ ಅಲ್ಲ ಅದು. ಸಾಕ್ಷಿ ಹೆದರದೆ ಬಾಯಿ ಬಿಡಲಿ ಅಂತ ಕೊಟ್ಟದ್ದು.

ವರದಿಗಾರ್ತಿ: ಅದಕ್ಕೇ ಹೆಚ್ಚು ಅಪಾಯ ಮಾವ. ಕೆಟ್ಟವರು ಕೊಟ್ಟ ತಡೆಯಾಜ್ಞೆಗೆ ಜನ ಸಿಟ್ಟಾಗ್ತಾರೆ. ಒಳ್ಳೆಯವರು ಒಳ್ಳೆಯದಕ್ಕೇ ಅಂತ ಕೊಟ್ಟದ್ದು ನಿದರ್ಶನವಾಗಿ ಕೂತುಬಿಡುತ್ತೆ. 2012ರಲ್ಲಿ ಸಹಾರಾ–ಸೆಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಮತ್ತೆ ಅದನ್ನೇ ಎತ್ತಿ ಹಿಡೀತಲ್ಲ? ವಕೀಲರ ನಡುವೆ ಓಡಾಡಿದ ಗೋಪ್ಯ ಕಾಗದ ಟೀವಿಯಲ್ಲಿ ಬಂತು ಅಂತ ಶುರುವಾಗಿ, ಕಡೆಗೆ ಎಲ್ಲ ಮಾಧ್ಯಮಕ್ಕೂ ಅನ್ವಯಿಸೋ ಸಿದ್ಧಾಂತ ಆಯ್ತು.

ವಕೀಲರು: ಆ ಐವರ ಪೀಠ ಸುಮ್ಮನೆ ಎತ್ತಿ ಹಿಡೀಲಿಲ್ಲ. ವಿಚಾರಣೆಗೆ ನಿಜವಾದ, ಗಣನೀಯ ಧಕ್ಕೆ ಇರಬೇಕು, ಬೇರೆ ದಾರಿ ಇರಬಾರದು, ತಡೆ ಅಲ್ಪಕಾಲದ್ದಾಗಿರಬೇಕು, ಅದೂ ನಿಷೇಧ ಅಲ್ಲ, ಮುಂದೂಡಿಕೆ ಅಂತ ಬೇಲಿ ಹಾಕಿದ್ರು.

ವರದಿಗಾರ್ತಿ: ಬೇಲಿ ದೆಹಲಿಯಲ್ಲಿ ಹಾಕಿದ್ದು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬನ್ನಿ. ನಮಗೆ ಬಂದ ಒಂದು ಆರ್ಡರ್ ಹೇಳ್ತೀನಿ, ಯಾರದ್ದು ಅಂತ ಬೇಡ. ರಜೆ ಶುರುವಾಗೋ ಹಿಂದಿನ ಸಂಜೆ ಪ್ರತಿ ಬಂತು, ವಾಟ್ಸ್ಯಾಪ್‌ನಲ್ಲಿ. ಪ್ರತಿವಾದಿಗಳ ಉದ್ದ ಪಟ್ಟಿ; ಕೊನೆಯಲ್ಲಿ ಹೆಸರು ಗೊತ್ತಿಲ್ಲದ 'ಜಾನ್ ಡೋ' ಅಂತ ಊರವರನ್ನೆಲ್ಲ ಸೇರಿಸಿದ್ದಾರೆ. ದಾವೆ ಹೂಡಿದ ಮನುಷ್ಯರ ಬಗ್ಗೆ ನಾವು ಅಲ್ಲೀವರೆಗೆ ಒಂದು ಸಾಲೂ ಬರೆದಿರಲಿಲ್ಲ. ವಾದಿಯ ವಿರುದ್ಧ ಮಾನಹಾನಿಕರವಾದ ಏನನ್ನೂ ಪ್ರಕಟಿಸಕೂಡದು ಅಂತ ಆದೇಶ.

ವಕೀಲರು: ಸರಿ, 'ಮಾನಹಾನಿಕರ' ಅಂತ ಇದೆ. ಕೋರ್ಟಿನ ನ್ಯಾಯಯುತ ವರದಿಯನ್ನ ಅದು ತಡೆಯಲ್ಲ. ಮಾನಹಾನಿ ಕಾನೂನೇ ಹೇಳುತ್ತೆ: ನ್ಯಾಯಾಲಯದ ಕಲಾಪದ ಗಣನೀಯವಾಗಿ ಸತ್ಯವಾದ ವರದಿ ಮಾನಹಾನಿ ಅಲ್ಲ. ಹಿಂದೆ ಐಪಿಸಿ 499ರಲ್ಲಿ ನಾಲ್ಕನೇ ವಿನಾಯಿತಿ, ಈಗ ನ್ಯಾಯ ಸಂಹಿತೆಯ 356ರಲ್ಲೂ ಇದೆ. ನ್ಯಾಯಾಂಗ ನಿಂದನೆ ಕಾಯ್ದೆಯ 4ನೇ ಸೆಕ್ಷನ್ನೂ ಅಷ್ಟೇ, ನ್ಯಾಯಯುತ, ನಿಖರ ವರದಿ ನಿಂದನೆ ಅಲ್ಲ ಅನ್ನುತ್ತೆ.

ವರದಿಗಾರ್ತಿ: ಇದು ನಿಮಗೆ ಗೊತ್ತು, ನನಗೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟೋ ಡೆಸ್ಕಿನವರಿಗೆ ಗೊತ್ತಿರಲ್ಲ, ಗೊತ್ತಿದ್ದರೂ ಧೈರ್ಯ ಇರಲ್ಲ. ಆ ವ್ಯಕ್ತಿ ಮೇಲಿನ ಚಾರ್ಜ್‌ಶೀಟ್ ಕೋರ್ಟಿಗೆ ಬಂತು, ನಾನು ವರದಿ ಕಳಿಸಿದೆ. 'ಅವರದ್ದು ಸ್ಟೇ ಇದೆಯಲ್ಲ, ಬಿಡಿ' ಅಂದ್ರು. ಮಾನಹಾನಿ ತಡೆಯೋಕೆ ಅಂತ ಕೊಟ್ಟ ಆದೇಶ ಕೋರ್ಟ್ ವರದಿಯನ್ನ ನುಂಗಿದ್ದು ಹೀಗೆ. ಯಾವ ನ್ಯಾಯಾಧೀಶರೂ ಹಾಗೆ ಆದೇಶಿಸಿರಲಿಲ್ಲ.

ವಕೀಲರು: ಕಾನೂನಿನಲ್ಲಿ ಇದಕ್ಕೆ ಮದ್ದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆ, ಆರ್ಡರ್ 39. ಮೂರನೇ ರೂಲ್ ಏನು ಹೇಳುತ್ತೆ? ತಾತ್ಕಾಲಿಕ ತಡೆಯಾಜ್ಞೆಗೆ ಮುಂಚೆ ಎದುರುದಾರನಿಗೆ ನೋಟಿಸ್ ಕೊಡಲೇಬೇಕು. ನೋಟಿಸ್ ಕೊಡೋ ಹೊತ್ತಿಗೆ ಕೆಲಸವೇ ಕೆಟ್ಟುಹೋಗುತ್ತೆ ಅನ್ನಿಸಿದ್ರೆ ಮಾತ್ರ ಏಕಪಕ್ಷೀಯವಾಗಿ ಕೊಡಬಹುದು, ಅದಕ್ಕೆ ಕಾರಣ ಬರೆದಿಡಬೇಕು. 3ಎ ಪ್ರಕಾರ ಮೂವತ್ತು ದಿನದೊಳಗೆ ಆ ಅರ್ಜಿ ಇತ್ಯರ್ಥ ಮಾಡೋ ಪ್ರಯತ್ನ ಆಗಬೇಕು, ಆಗದಿದ್ದರೆ ಅದಕ್ಕೂ ಕಾರಣ ಬರೀಬೇಕು.

ವರದಿಗಾರ್ತಿ: ಬರೀತಾರಾ?

ವಕೀಲರು: 'ಮೇಲ್ನೋಟಕ್ಕೆ ಹುರುಳಿದೆ, ಅನುಕೂಲದ ತಕ್ಕಡಿ ವಾದಿಯ ಕಡೆಗಿದೆ' ಅಂತ ಅಚ್ಚು ಹಾಕಿದ ಹಾಗೆ ಎರಡು ಸಾಲು. ಸೈಟಿನ ಬೇಲಿ ಗಲಾಟೆಗೂ ಅದೇ, ಪತ್ರಿಕೆಯ ಬಾಯಿ ಕಟ್ಟೋದಕ್ಕೂ ಅದೇ. ಇದು ತಪ್ಪು, ಒಪ್ಪಿಕೊಳ್ತೀನಿ.

ವರದಿಗಾರ್ತಿ: 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಬೆಂಗಳೂರು ದಕ್ಷಿಣದ ಅಭ್ಯರ್ಥಿಯೊಬ್ಬರು ಇದೇ ಕೋರ್ಟಿನಿಂದ 49 ಮಾಧ್ಯಮ ಸಂಸ್ಥೆಗಳ ಮೇಲೆ ತಡೆ ತಂದರು. ಮತ ಕೇಳ್ತಿರೋ ಮನುಷ್ಯನ ಬಗ್ಗೆ, ಮತದಾನಕ್ಕೆ ಮುಂಚೆ! ಹೈಕೋರ್ಟ್ ಅದನ್ನ ತೆಗೆದುಹಾಕ್ತು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಚಾರ, ಅಲ್ಲಿ ಹೆಣಗಳನ್ನ ಹೂತಿದ್ದೆ ಅಂತ ಒಬ್ಬ ಕೊಟ್ಟ ದೂರಿನದು: ಒಂದೇ ಆದೇಶದಲ್ಲಿ 8,842 ಲಿಂಕ್ ಅಳಿಸಿ ಅಂತ ಬಂತು. ಆಗಸ್ಟ್ 1ಕ್ಕೆ ಹೈಕೋರ್ಟ್ ಅದನ್ನೂ ರದ್ದು ಮಾಡ್ತು.

ವಕೀಲರು: ಧರ್ಮಸ್ಥಳದ್ದು ನೀನೇ ತೆಗೆದೆ. ಅದೇ ಆಗಸ್ಟಿನಲ್ಲಿ ದೂರು ಕೊಟ್ಟವನನ್ನೇ, ಆ ದೂರಿನ ತನಿಖೆಗೆ ಬಂದಿದ್ದ ಎಸ್‌ಐಟಿ ಬಂಧಿಸಿತು, ಅವನು ಹೇಳಿದ್ದೇ ಸುಳ್ಳು ಅನ್ನೋ ಆರೋಪದ ಮೇಲೆ. ಆ ಒಂದೂವರೆ ತಿಂಗಳು ಯೂಟ್ಯೂಬ್‌ನಲ್ಲಿ ಏನೇನು ಹರಿದುಬಂತು, ನೀನೂ ನೋಡಿದ್ದೀಯ. ಎರಡೂ ಕಡೆಯಿಂದ. ತಡೆಯಾಜ್ಞೆ ಕೇಳಿದವರ ಸಂಕಟ ಸುಳ್ಳಾ?

ವರದಿಗಾರ್ತಿ: ಸಂಕಟ ಸುಳ್ಳಲ್ಲ. ಆದರೆ ಆ 8,842ರಲ್ಲಿ ಬೈಗುಳ ಎಷ್ಟು, ವರದಿ ಎಷ್ಟು ಅಂತ ಒಂದು ದಿನದಲ್ಲಿ ಯಾರು ನೋಡಿದ್ರು? ಎಸ್‌ಐಟಿ ಅಗೆದದ್ದು, ಸಿಕ್ಕದ್ದು, ಸಿಗದೇ ಇದ್ದದ್ದು, ಕೊನೆಗೆ ಬಂಧಿಸಿದ್ದು, ಇದೆಲ್ಲ ಜನಕ್ಕೆ ಗೊತ್ತಾದದ್ದು ವರದಿಯಿಂದಲೇ. ಬಾಯಿ ಮುಚ್ಚಿಸಿದ್ದರೆ ಊಹಾಪೋಹ ಮಾತ್ರ ಉಳೀತಿತ್ತು. ಬ್ಲೂಮ್‌ಬರ್ಗ್–ಜೀ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ. ಲೇಖನ ದುರುದ್ದೇಶದ್ದು, ಕಣ್ಣಿಗೆ ಕಾಣೋಷ್ಟು ಸುಳ್ಳು ಅಂತ ತೋರಿಸದೆ ವಿಚಾರಣೆಗೆ ಮುಂಚೆ ತಡೆಯಾಜ್ಞೆ ಕೊಡಬೇಡಿ. ಹಾಗೆ ಕೊಟ್ಟರೆ ವಿಚಾರಣೆಗೆ ಮೊದಲೇ ಆ ಬರಹವನ್ನ ಕೊಂದ ಹಾಗೆ.

ವಕೀಲರು: ಆಮೇಲೆ ವಿಕಿಪೀಡಿಯಾದ್ದೂ ಬಂತಲ್ಲ, 2025ರ ಮೇನಲ್ಲಿ. ಎಎನ್‌ಐ ಸುದ್ದಿಸಂಸ್ಥೆ ಹೂಡಿದ ದಾವೆಯ ಬಗ್ಗೆ ಬರೆದಿದ್ದ ಪುಟವನ್ನೇ ತೆಗೀರಿ ಅಂತ ದೆಹಲಿ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಕೋರ್ಟುಗಳು ತಮ್ಮ ಬಗ್ಗೆ ಚರ್ಚೆಯನ್ನ ತಡಕೋಬೇಕು ಅಂತು. ಇದು ನನಗೆ ಬಹಳ ಹಿಡಿಸಿದ ತೀರ್ಪು. ನಡೀತಿರೋ ಕೇಸಿನ ಬಗ್ಗೆ ಮಾತೇ ಆಡಬಾರದು ಅಂತ ನಮ್ಮ ವಕೀಲರಲ್ಲೇ ಅರ್ಧ ಜನ ತಿಳಿದಿದ್ದಾರೆ.

ವರದಿಗಾರ್ತಿ: ಅಧಿಕಾರಿಗಳೂ. ಏನು ಕೇಳಿದರೂ 'ವಿಷಯ ಕೋರ್ಟಿನಲ್ಲಿದೆ' ಅಂತಾರೆ. ಕೋರ್ಟಿನಲ್ಲಿದ್ದರೆ ತಾನೇ ನಾನು ಬರೆಯೋದು!

ವಕೀಲರು: ನಿನಗಿನ್ನೂ ಒಂದು ತೊಂದರೆ ಬರ್ತಾ ಇದೆ. ಲೈವ್. ಕ್ಯಾಮೆರಾವೇ ಎಲ್ಲ ತೋರಿಸುತ್ತೆ ಅಂದಮೇಲೆ ವರದಿಗಾರ ಯಾಕೆ?

ವರದಿಗಾರ್ತಿ: ನನಗೂ ಹಾಗೇ ಅನ್ನಿಸಿತ್ತು. 2018ರಲ್ಲಿ ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ನೇರ ಪ್ರಸಾರಕ್ಕೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಬಂತು. ನಮ್ಮ ಹೈಕೋರ್ಟಿನ ನಿಯಮ 2022ರ ಜನವರಿ 1ರಿಂದ ಜಾರಿ. ಮರು ತಿಂಗಳೇ ಹಿಜಾಬ್ ಪ್ರಕರಣ. ಮೂವರ ಪೀಠ, ಇಡೀ ರಾಜ್ಯ ಮೊಬೈಲಿನಲ್ಲಿ ನೋಡ್ತಿದೆ. ಆಗಲೇ ಪೀಠ, ಆದೇಶ ನೋಡದೆ ಬಾಯಿಮಾತಿನ ಅಭಿಪ್ರಾಯಗಳನ್ನ ವರದಿ ಮಾಡಬೇಡಿ ಅಂತ ಮಾಧ್ಯಮದವರಿಗೆ ವಿನಂತಿ ಮಾಡ್ತು. ಜನ ಕೇಳಬಹುದು, ಪತ್ರಿಕೆ ಬರೀಬಾರದು! 1964ರ ಬಾಂಬೆ ಹಾಲೇ ಕಣ್ಣಿಗೆ ಬಂತು.

ವಕೀಲರು: ಅದು ವಿನಂತಿ, ಆದೇಶ ಅಲ್ಲ. ಅರ್ಜಿದಾರರ ಪರ ಹಿರಿಯ ವಕೀಲರೊಬ್ಬರೇ ಪ್ರಸಾರ ನಿಲ್ಲಿಸಿ ಅಂತ ಕೇಳಿದಾಗ ನಿಲ್ಲಿಸಲಿಲ್ಲ, ಎದುರು ಕಡೆಯವರ ನಿಲುವನ್ನೂ ಜನ ಕೇಳಲಿ ಅಂದ್ರು. ಅದನ್ನೂ ಹೇಳು.

ವರದಿಗಾರ್ತಿ: ಹೇಳ್ತೀನಿ. 2023ರ ಡಿಸೆಂಬರಿನಲ್ಲಿ ಯಾರೋ ಕಿಡಿಗೇಡಿಗಳು ವಿಡಿಯೊ ಕಾನ್ಫರೆನ್ಸಿಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ರು, ಹೈಕೋರ್ಟ್ ಸ್ವಲ್ಪ ಕಾಲ ಪ್ರಸಾರವನ್ನೇ ನಿಲ್ಲಿಸ್ತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕುಗಳು ಊರೆಲ್ಲ ಹರಿದಾಡಿದವು. ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ ಒಂದು, ವಕೀಲೆಯೊಬ್ಬರಿಗೆ ಹೇಳಿದ್ದು ಇನ್ನೊಂದು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿಯೇ ಕೈಗೆತ್ತಿಕೊಂಡಿತು, ನ್ಯಾಯಮೂರ್ತಿಗಳು ವಿಷಾದ ಹೇಳಿದ್ರು, ಪ್ರಕರಣ ಮುಗೀತು. ಹೀಗಾಯ್ತು ಅಂತ ಪ್ರಸಾರ ನಿಲ್ಲಿಸೋದು ಉತ್ತರವಲ್ಲ ಅಂತ ಮುಖ್ಯ ನ್ಯಾಯಮೂರ್ತಿಗಳೇ ಅಂದ್ರು. ಆದರೆ ಅದೇ ವಾರ ಇಲ್ಲಿ ವಕೀಲರ ಸಂಘದ ಅರ್ಜಿಯ ಮೇಲೆ ಕೆಲವು ಯೂಟ್ಯೂಬ್ ಚಾನೆಲ್‌ಗಳಿಗೆ ಆ ತುಣುಕು ಬಳಸದಂತೆ ಹೈಕೋರ್ಟಿನಲ್ಲಿ ತಡೆ ಬಂತು. ನಿಮ್ಮ ಸಂಘ ಮಾವ.

ವಕೀಲರು: ನಮ್ಮ ಸಂಘವೇ. ನಾನು ಆ ಅರ್ಜಿಯ ಪರ. ಎರಡು ಗಂಟೆಯ ವಾದದಲ್ಲಿ ಹದಿನೈದು ಸೆಕೆಂಡು ಕತ್ತರಿಸಿ, ಕೆಳಗೆ ಡೊಳ್ಳಿನ ಸದ್ದು ಹಾಕಿ, 'ಜಡ್ಜ್ ರಾಕ್ಸ್, ಲಾಯರ್ ಶಾಕ್ಸ್' ಅಂತ ಹಾಕ್ತಾರೆ. ವಿಚ್ಛೇದನದ ಕೇಸಿನ ಹೆಂಗಸು ಅಳೋದು ರೀಲ್ಸ್ ಆಗುತ್ತೆ. ಇದಕ್ಕೂ ವಾಕ್ ಸ್ವಾತಂತ್ರ್ಯವಾ?

ವರದಿಗಾರ್ತಿ: ಆ ಹೆಂಗಸಿನ ಕೇಸು ಲೈವ್ ಆಗಲೇಬಾರದಿತ್ತು, ಕೌಟುಂಬಿಕ ವ್ಯಾಜ್ಯ ಪ್ರಸಾರ ಮಾಡಬಾರದು ಅಂತ ನಿಯಮದಲ್ಲೇ ಇದೆ. ಉಳಿದದ್ದಕ್ಕೆ, ತುಣುಕಿಗೆ ಮದ್ದು ಪೂರ್ತಿ ವರದಿ. ಆ ಹದಿನೈದು ಸೆಕೆಂಡಿಗೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು, ಆರ್ಡರಿನಲ್ಲಿ ಏನು ಬಂತು ಅಂತ ಹೇಳೋಕೆ ಒಬ್ಬ ಮನುಷ್ಯ ಅಲ್ಲಿ ಕೂತಿರಬೇಕು. ಅದು ಕ್ಯಾಮೆರಾದ ಕೈಲಿ ಆಗದ ಕೆಲಸ. ನಮ್ಮ ಭಾಷೆಯಲ್ಲಂತೂ ಆಗೋದೇ ಇಲ್ಲ.

ವಕೀಲರು: ಭಾಷೆ ಯಾಕೆ ಬಂತು?

ವರದಿಗಾರ್ತಿ: ಕೆಳ ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಹೇಳ್ತಾನೆ. ಪಾಟೀಸವಾಲೂ ಕನ್ನಡದಲ್ಲೇ ನಡೆಯುತ್ತೆ. ಕೇಸು ಅಪೀಲಿಗೆ ಹೋಯ್ತು ಅಂದ್ರೆ, ಸಂವಿಧಾನದ 348ನೇ ವಿಧಿ, ಹೈಕೋರ್ಟಿನ ಕಲಾಪವೆಲ್ಲ ಇಂಗ್ಲಿಷಿನಲ್ಲಿ. ಕಲಬುರಗಿ ಪೀಠದ ಹಾಲ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜ. ಅವನ ಜಮೀನಿನ ಕೇಸು, ಅವನೆದುರಿಗೇ ನಡೀತಾ ಇದೆ. ನನ್ನ ಕಡೆ ತಿರುಗಿ 'ಯವ್ವಾ, ಏನಂದ್ರು?' ಅಂದ. ಬಾಗಿಲು ತೆರೆದಿದೆ, ಅಜ್ಜ ಒಳಗೇ ಇದ್ದಾನೆ, ಒಂದಕ್ಷರ ತಿಳೀತಿಲ್ಲ. ಇದು ಯಾವ ಸೀಮೆ ತೆರೆದ ನ್ಯಾಯಾಲಯ? ಅವನ ಪಾಲಿಗೆ ಆ ಕೇಸು ಬಯಲಾಗೋದು ಮರುದಿನದ ಕನ್ನಡ ಪತ್ರಿಕೆಯಲ್ಲಿ. ಅದೂ ಯಾರಾದ್ರೂ ಬರೆದ್ರೆ.

ವಕೀಲರು: ನಾನು ಹೊರಗೆ ಬಂದು ಕಕ್ಷಿದಾರನಿಗೆ ವಿವರಿಸ್ತೀನಪ್ಪ.

ವರದಿಗಾರ್ತಿ: ನೀವು ವಿವರಿಸ್ತೀರಿ. ಎಲ್ಲರೂ ವಿವರಿಸಲ್ಲ. 'ಡೇಟ್ ಹಾಕಿದ್ದಾರೆ, ಮುಂದಿನ ತಿಂಗಳು ಬಾ' ಅಂತ ಹೇಳಿ ಕಳಿಸೋರೇ ಹೆಚ್ಚು. ಸುಪ್ರೀಂ ಕೋರ್ಟ್ 2019ರಿಂದ ಕೆಲವು ತೀರ್ಪುಗಳನ್ನ ಕನ್ನಡಕ್ಕೆ ಅನುವಾದ ಮಾಡಿಸ್ತಿದೆ, ಒಳ್ಳೇದು. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಾಗ ಅದೇ ಮುಖಪುಟದ ಸುದ್ದಿ ಆಯ್ತು. ಕರ್ನಾಟಕದ ಹೈಕೋರ್ಟು ಕನ್ನಡದಲ್ಲಿ ಮಾತಾಡಿದ್ದು ಸುದ್ದಿ! ಅದಕ್ಕೇ ಹೇಳೋದು, ಇಂಗ್ಲಿಷ್ ಪತ್ರಿಕೆಯವರಿಗೆ ತಡೆಯಾಜ್ಞೆ ಬಂದರೆ ಒಂದು ಸುದ್ದಿ ಹೋಗುತ್ತೆ. ಕನ್ನಡದವರಿಗೆ ಬಂದರೆ ಆ ಕೇಸು ಕನ್ನಡದಲ್ಲಿ ನಡೆದೇ ಇಲ್ಲ ಅನ್ನೋ ಹಾಗಾಗುತ್ತೆ.

ವಕೀಲರು: ಈ ವಾದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನನ್ನ ಹೊಟ್ಟೆಯಲ್ಲಿರೋ ಕಿಚ್ಚನ್ನೂ ಕೇಳು. ನನ್ನ ಕಕ್ಷಿದಾರ, ಸಣ್ಣ ಸರ್ಕಾರಿ ನೌಕರ, ಲಂಚದ ಕೇಸು. ಬಂಧನದ ದಿನ ಫೋಟೊ ಸಮೇತ ಮೂರು ಕಾಲಂ. ಎಷ್ಟೋ ವರ್ಷದ ಮೇಲೆ ಖುಲಾಸೆ. ಅವತ್ತು ಒಬ್ಬ ವರದಿಗಾರನೂ ಹಾಲ್‌ನಲ್ಲಿರಲಿಲ್ಲ. ಪತ್ರಿಕಾ ಕಚೇರಿಗೆ ತೀರ್ಪಿನ ಪ್ರತಿ ನಾನೇ ಕಳಿಸಿದೆ. ಹಾಕಲಿಲ್ಲ. ಆ ಮನುಷ್ಯನ ಮಗಳ ಮದುವೆ ಮಾತುಕತೆಯಲ್ಲಿ ಆ ಹಳೇ ಪೇಪರ್ ಕಟಿಂಗ್ ಬಂತು.

ವರದಿಗಾರ್ತಿ: ಇದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ವಕೀಲರು: 'ನ್ಯಾಯಯುತ, ನಿಖರ' ವರದಿಗೆ ಕಾನೂನು ರಕ್ಷಣೆ ಕೊಡುತ್ತೆ ಅಂದೆನಲ್ಲ, ನಿಖರ ಅನ್ನೋದನ್ನ ನೀವು ಹಿಡಕೊಂಡ್ರಿ, ನ್ಯಾಯಯುತ ಅನ್ನೋದನ್ನ ಬಿಟ್ಟಿರಿ. ಮೂರು ಕಾಲಂ ನಿಖರವಾಗಿಯೇ ಇತ್ತು.

ವರದಿಗಾರ್ತಿ: ಸರಿ. ಆದರೆ ಖುಲಾಸೆಯ ದಿನ ಹಾಲ್‌ನಲ್ಲಿ ಯಾರೂ ಇರಲಿಲ್ಲ ಅನ್ನೋದು ವರದಿ ಹೆಚ್ಚಾದ ದೂರಲ್ಲ ಮಾವ, ಕಮ್ಮಿಯಾದ ದೂರು. ಜಿಲ್ಲೆಗಳಲ್ಲಿ ಕೋರ್ಟಿಗೇ ಅಂತ ವರದಿಗಾರರು ಎಲ್ಲಿದ್ದಾರೆ? ಕ್ರೈಮ್ ನೋಡೋನೇ ಕೋರ್ಟೂ ನೋಡ್ತಾನೆ. ಬಂಧನದ ಸುದ್ದಿಯನ್ನ ಪೊಲೀಸರು ತಾವೇ ತಂದುಕೊಡ್ತಾರೆ, ಫೋಟೊ ಸಮೇತ. ಖುಲಾಸೆಯನ್ನ ಯಾರು ತಂದುಕೊಡ್ತಾರೆ?

ವಕೀಲರು: ನಾನು ತಂದುಕೊಟ್ಟೆ, ಹಾಕಲಿಲ್ಲ ಅಂದೆನಲ್ಲ.

ವರದಿಗಾರ್ತಿ: ಅದು ನಮ್ಮ ಕಡೆಯವರ ಪಾಪ. ಎಲ್ಲರಿಗೂ ನಿಮ್ಮಂಥ ವಕೀಲರು ಸಿಗಲ್ಲ. ನಾನಾಗಿ ಹೋಗಿ ತೀರ್ಪಿನ ದೃಢೀಕೃತ ನಕಲು ಕೇಳಿದ್ರೆ 'ನೀವು ಪಕ್ಷಗಾರರಾ?' ಅಂತಾರೆ. ಅಲ್ಲ ಅಂದ್ರೆ ಅರ್ಜಿ ಹಾಕಿ, ಯಾಕೆ ಬೇಕು ಅಂತ ಅಫಿಡವಿಟ್ ಹಾಕಿ. ಕೋರ್ಟಿನ ಕಡತವನ್ನ ಮಾಹಿತಿ ಹಕ್ಕಿನಲ್ಲಿ ಕೇಳೋ ಹಾಗಿಲ್ಲ, ಹೈಕೋರ್ಟಿನ ನಿಯಮದ ಪ್ರಕಾರವೇ ಪಡೀಬೇಕು ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಕೋರ್ಟು ತೆರೆದಿದೆ, ಕಡತ ಮುಚ್ಚಿದೆ. ಅದರ ಮೇಲೆ ಮುಚ್ಚಿದ ಲಕೋಟೆ ಬೇರೆ.

ವಕೀಲರು: ಲಕೋಟೆಯ ಚಾಳಿಗೆ ಮೀಡಿಯಾ ಒನ್ ತೀರ್ಪಿನಲ್ಲಿ ಪೆಟ್ಟು ಬಿತ್ತಲ್ಲ. ಆ ಮಲಯಾಳಂ ಚಾನೆಲ್ಲಿನ ಪರವಾನಗಿ ಯಾಕೆ ನಿಂತಿತು ಅಂತ ಚಾನೆಲ್ಲಿಗೇ ಹೇಳದೆ ಸರ್ಕಾರ ಜಡ್ಜ್ ಕೈಗೆ ಲಕೋಟೆ ಕೊಟ್ಟಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಅದು ಬಿಡು. ಒಂದು ಕಡೆ ಮಾತ್ರ ನಾನು ಬಗ್ಗೋದಿಲ್ಲ. ಅತ್ಯಾಚಾರದ ಕೇಸು, ಮಕ್ಕಳ ಕೇಸು. ಅಲ್ಲಿ ಬಾಗಿಲು ಹಾಕಲೇಬೇಕು.

ವರದಿಗಾರ್ತಿ: ಅದರಲ್ಲಿ ನನ್ನದೂ ಎರಡು ಮಾತಿಲ್ಲ. ಸಂತ್ರಸ್ತೆಯ ಹೆಸರು ಹಾಕಿದ್ರೆ ಎರಡು ವರ್ಷದವರೆಗೆ ಜೈಲು, ಹಾಕಬೇಕು. ಹೆಸರು ಮಾತ್ರ ಅಲ್ಲ, ಊರು, ಶಾಲೆ, ಅಪ್ಪನ ಉದ್ಯೋಗ, ಗುರುತು ಸಿಗೋ ಏನನ್ನೂ ಬರೀಬಾರದು, ಸತ್ತವಳದ್ದಾದರೂ ಸರಿ ಅಂತ 2018ರ ನಿಪುಣ್ ಸಕ್ಸೇನಾ ತೀರ್ಪಿದೆ. ನಮ್ಮವರು ಹೆಸರು ಬಿಟ್ಟು ಬೀದಿ ಬರೀತಾರೆ, ಅದು ಇನ್ನೂ ಹೇಯ. ಆದರೆ ನೋಡಿ, ಇಲ್ಲಿ ಕಾನೂನು ಏನನ್ನ ಮುಚ್ಚಬೇಕು, ಯಾರಿಗಾಗಿ ಮುಚ್ಚಬೇಕು ಅಂತ ಬರೆದಿಟ್ಟಿದೆ. ಹೆಸರು, ವಿಳಾಸ ಗುಟ್ಟಾಗಿಟ್ಟು ಕಲಾಪ ವರದಿ ಮಾಡೋಕೆ ಕೋರ್ಟ್ ಅನುಮತಿ ಕೊಡಬಹುದು ಅಂತಲೂ ಇದೆ. ದುರ್ಬಲರನ್ನ ಕಾಯೋಕೆ ಹಾಕಿದ ಬಾಗಿಲು ಅದು. ಗೋಡಾನ ವ್ಯಾಪಾರ ಕಾಯೋಕೆ ಹಾಕಿದ್ದಲ್ಲ.

ವಕೀಲರು: ಗೋಡಾನನ್ನ ನೀನು ಬಿಡೋ ಹಾಗೆ ಕಾಣಲ್ಲ.

ವರದಿಗಾರ್ತಿ: ಸುಪ್ರೀಂ ಕೋರ್ಟೇ ಬಿಟ್ಟಿಲ್ಲ. ಒಂಬತ್ತು ಜನರ ತೀರ್ಪು ಅದು, ಇವತ್ತಿಗೂ ಊರ್ಜಿತ. ಅದನ್ನ ತೆಗೆಯೋಕೆ ಅದಕ್ಕಿಂತ ದೊಡ್ಡ ಪೀಠ ಕೂರಬೇಕು. ಅಲ್ಲೀವರೆಗೆ ಆರ್ಡರ್ 39ರ ಮೂರನೇ ರೂಲೇ ನಮಗೆ ಗತಿ. ಒಂದು ಕೇಳ್ತೀನಿ, ನಿಜ ಹೇಳಿ ಮಾವ. ನಾಳೆ ಯಾರೋ ದೊಡ್ಡ ಮನುಷ್ಯ ನಿಮ್ಮ ಆಫೀಸಿಗೆ ಬಂದು, ಪತ್ರಿಕೆಗಳ ಮೇಲೆ ಸ್ಟೇ ತಂದುಕೊಡಿ ಅಂದ್ರೆ?

ವಕೀಲರು: ಅರ್ಜಿ ಹಾಕ್ತೀನಿ. ಕಕ್ಷಿದಾರ ಕೇಳಿದ್ದನ್ನ ಕೋರ್ಟಿನಲ್ಲಿ ಕೇಳೋದು ನನ್ನ ಕಸುಬು. ನೋಟಿಸ್ ಇಲ್ಲದೆ ಕೊಡಲ್ಲ ಅನ್ನೋದು ನ್ಯಾಯಾಧೀಶರ ಕರ್ತವ್ಯ. ಅವರು ಅದನ್ನ ಮಾಡಿದ್ರೆ ನನ್ನಂಥವರಿಂದ ನಿನಗೇನೂ ತೊಂದರೆ ಇಲ್ಲ.

ವರದಿಗಾರ್ತಿ: ಮಾಡದಿದ್ರೆ?

ವಕೀಲರು: ನಿಮ್ಮ ಸಂಪಾದಕರಿಗೆ ಹೇಳು, ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148ಎ ಕೆಳಗೆ ಕೆವಿಯಟ್ ಹಾಕಿಡಲಿ. ಯಾರು ದಾವೆ ಹೂಡಬಹುದು ಅಂತ ನೀವೇ ಊಹಿಸಿ ಅವರ ಹೆಸರು ಹಾಕಬೇಕು, ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿಳಿಸಬೇಕು. ಹಾಕಿದ ಮೇಲೆ ನಿಮಗೆ ತಿಳಿಸದೆ ಆರ್ಡರ್ ಮಾಡೋ ಹಾಗಿಲ್ಲ. ಅದರ ಆಯುಸ್ಸು 90 ದಿನ. ಆಮೇಲೆ ಮತ್ತೆ ಹೊಸದು ಹಾಕಬೇಕು.